ಮಗಳಿಗೆ ಆಟಿಸಂ ಇರಬಹುದೇ? ಅವಳಿಗೆ ಹೇಗೆ ಹೇಳಲಿ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ, ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಮೂರು ವರ್ಷ ತುಂಬುವ ಮೊದಲೇ ಬಸ್ಸಿನ ಬೋರ್ಡುಗಳನ್ನು ಓದುತ್ತಿದ್ದ ಮಗು; ಇವತ್ತಿಗೂ ಗಣಿತ, ವಿಜ್ಞಾನಗಳಲ್ಲಿ ತೊಂಬತ್ತಕ್ಕಿಂತ ಕಡಿಮೆ ಅಂಕ ಬಂದಿಲ್ಲ. ನಮ್ಮ ಹಾಸನ ಜಿಲ್ಲೆಯ ಹೊಯ್ಸಳ ದೇವಾಲಯಗಳೆಂದರೆ ಪ್ರಾಣ. ಯಾವ ಗುಡಿಯಲ್ಲಿ ಯಾವ ಶಿಲ್ಪಿಯ ಹೆಸರು ಕೆತ್ತಿದೆ ಎಂದು ಗಂಟೆಗಟ್ಟಲೆ ಹೇಳುತ್ತಾಳೆ, ಕೇಳುವವರಿಗೆ ಸಾಕಾಗಿದೆ ಎಂಬುದು ಅವಳಿಗೆ ಗೊತ್ತಾಗುವುದಿಲ್ಲ. ಗೆಳತಿಯರಿಲ್ಲ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಓಡುತ್ತಾಳೆ, ಮದುವೆ ಮನೆಯ ವಾಲಗಕ್ಕೆ ಅಳು ಬರುತ್ತದೆ. ಶಾಲೆಯಿಂದ ಬಂದವಳೇ ಬಾಗಿಲು ಹಾಕಿಕೊಂಡು ಒಂದು ಗಂಟೆ ಕತ್ತಲಲ್ಲಿ ಮಲಗುತ್ತಾಳೆ, ಮಾತನಾಡಿಸಿದರೆ ಸಿಡುಕುತ್ತಾಳೆ. ಕಳೆದ ತಿಂಗಳು ಶಾಲೆಯ ಆಪ್ತಸಮಾಲೋಚಕಿ ನನ್ನನ್ನು ಕರೆಸಿ, ಆಟಿಸಂ ಸ್ಪೆಕ್ಟ್ರಂನಲ್ಲಿ ಇರಬಹುದು, ಒಮ್ಮೆ ತೋರಿಸಿ ಎಂದರು. ನಮ್ಮ ಯಜಮಾನರು ‘ಓದುವ ಹುಡುಗಿಗೆ ಇಲ್ಲದ ಕಾಯಿಲೆ ಅಂಟಿಸಬೇಡ, ಆ ವಯಸ್ಸಿನಲ್ಲಿ ನಾನೂ ಹೀಗೇ ಇದ್ದೆ, ಈಗ ಏನಾಗಿದೆ’ ಎನ್ನುತ್ತಾರೆ. ಹೊರಗೆ ಗೊತ್ತಾದರೆ ಮುಂದೆ ಸಂಬಂಧ ಕುದುರುವುದು ಕಷ್ಟ ಎಂಬುದು ಅತ್ತೆಯವರ ಭಯ. ತಲೆನೋವಿಗೆ ತೋರಿಸೋಣ ಎಂದು ಹೇಳಿ ಬೆಂಗಳೂರಿಗೆ ಕರೆದುಕೊಂಡು ಹೋಗಿ, ವೈದ್ಯರು ಖಚಿತಪಡಿಸಿದರೆ ಮಾತ್ರ ಅವಳಿಗೆ ಹೇಳಬೇಕೆಂದುಕೊಂಡಿದ್ದೇನೆ. ಇದು ಸರಿಯೇ? ಹೇಳುವುದಾದರೆ ಹೇಗೆ ಹೇಳಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ತುರ್ತಾಗಿ ಬದಲಾಗಬೇಕಾದದ್ದು ಅದೊಂದೇ. ದಯವಿಟ್ಟು ತಲೆನೋವಿನ ನೆಪ ಹೇಳಿ ಮಗಳನ್ನು ಕರೆದೊಯ್ಯಬೇಡಿ. ಈ ವಯಸ್ಸಿನವರ ಆಟಿಸಂ ಮೌಲ್ಯಮಾಪನವು ನಾಡಿ ನೋಡಿ ಚೀಟಿ ಬರೆದುಕೊಡುವಂಥದ್ದಲ್ಲ. ಅದಕ್ಕೆ ಹಲವು ಗಂಟೆಗಳು, ಎಷ್ಟೋ ವೇಳೆ ಹಲವು ಭೇಟಿಗಳು ಬೇಕು, ಮತ್ತು ಆ ಹೊತ್ತಿನಲ್ಲಿ ಅವಳನ್ನು ಕೇಳುವುದು ತಲೆನೋವಿನ ಬಗ್ಗೆಯಲ್ಲ, ಗೆಳೆತನದ ಬಗ್ಗೆ, ಸದ್ದು ಬೆಳಕುಗಳ ಬಗ್ಗೆ, ಬೇರೆಯವರ ಮನಸ್ಸಿನಲ್ಲಿ ಏನಿದೆಯೆಂದು ಅವಳಿಗೆ ಹೇಗೆ ತಿಳಿಯುತ್ತದೆ ಎಂಬುದರ ಬಗ್ಗೆ. ಶಿಲ್ಪಿಗಳ ಹೆಸರನ್ನು ಗುಡಿಗುಡಿಯ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುವ ಹುಡುಗಿಗೆ ಅಮ್ಮ ಹೇಳಿದ್ದು ನಿಜವಲ್ಲವೆಂದು ತಿಳಿಯಲು ಮೊದಲ ಹತ್ತು ನಿಮಿಷ ಸಾಕು. ಅಲ್ಲಿಂದ ಮುಂದೆ ಅವಳು ವೈದ್ಯರಿಗೂ ಮನಸ್ಸು ಬಿಚ್ಚುವುದಿಲ್ಲ, ನಿಮಗೂ ಬಿಚ್ಚುವುದಿಲ್ಲ. ಎಳೆಯ ಮಗುವನ್ನು ಹೊರಗಿನಿಂದ ಗಮನಿಸಿ ಬಹಳಷ್ಟನ್ನು ತಿಳಿಯಬಹುದು, ಆದರೆ ಹದಿಹರೆಯದವರ ಒಳಗೆ ನಡೆಯುವುದನ್ನು ಅವರೇ ಹೇಳಬೇಕು. ಆದ್ದರಿಂದ ಅವಳ ಒಪ್ಪಿಗೆ ಮತ್ತು ಸಹಕಾರ ಈ ಪರೀಕ್ಷೆಯ ಒಂದು ಭಾಗವೇ ಆಗಿವೆ.

ಇನ್ನೊಂದು ವಿಷಯವನ್ನೂ ನೀವು ಯೋಚಿಸಬೇಕು. ತಾನು ಉಳಿದವರಂತಿಲ್ಲ ಎಂಬುದನ್ನು ಮಗಳಿಂದ ಮುಚ್ಚಿಡುತ್ತಿದ್ದೇನೆ ಎಂದು ನೀವು ಭಾವಿಸಿದ್ದೀರಿ, ಆದರೆ ಅದು ಅವಳಿಗೆ ನಿಮಗಿಂತ ಮೊದಲೇ ತಿಳಿದಿರುವ ಸಾಧ್ಯತೆ ಹೆಚ್ಚು. ಊಟದ ಬಿಡುವಿನಲ್ಲಿ ಯಾರ ಪಕ್ಕ ಕೂರಬೇಕೆಂದು ತಿಳಿಯದೆ ನಿಂತವಳು ಅವಳು. ಕಾರಣ ಗೊತ್ತಿಲ್ಲದ ಮಕ್ಕಳು ಕಾರಣವನ್ನು ತಾವೇ ಹುಡುಕಿಕೊಳ್ಳುತ್ತಾರೆ, ಹಾಗೆ ಹುಡುಕಿಕೊಂಡ ಕಾರಣ ಸಾಮಾನ್ಯವಾಗಿ ‘ನಾನು ಕೆಟ್ಟವಳು’, ‘ನಾನು ಪೆದ್ದಿ’, ‘ನನ್ನನ್ನು ಯಾರೂ ಇಷ್ಟಪಡುವುದಿಲ್ಲ’ ಎಂಬುದಾಗಿರುತ್ತದೆ. ನೀವು ಈಗ ಮೌನವಾಗಿದ್ದರೆ ಮರೆಯಾಗುವುದು ಅವಳ ಕಷ್ಟವಲ್ಲ, ಆ ಕಷ್ಟಕ್ಕೆ ಇರಬಹುದಾದ ಸರಿಯಾದ ವಿವರಣೆ ಮಾತ್ರ.

ಹೇಳುವ ಮೊದಲು ನಿಮಗೆ ಕೆಲವು ವಿಷಯಗಳು ಸ್ಪಷ್ಟವಾಗಿರಲಿ. ಆಟಿಸಂ ಎಂಬುದು ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ, ಹುಟ್ಟಿನಿಂದ ಬರುವ ಒಂದು ಭಿನ್ನತೆ. ಜನರೊಂದಿಗೆ ಒಡನಾಡುವುದರಲ್ಲಿ, ಮಾತು ಮತ್ತು ಮುಖಭಾವಗಳ ಸೂಕ್ಷ್ಮಗಳನ್ನು ಹಿಡಿಯುವುದರಲ್ಲಿ ಕಷ್ಟ ಒಂದು ಕಡೆ; ಒಂದೇ ವಿಷಯದಲ್ಲಿ ಆಳವಾದ ಆಸಕ್ತಿ, ದಿನಚರಿ ಬದಲಾದರೆ ತಳಮಳ, ಸದ್ದು, ಸ್ಪರ್ಶ, ವಾಸನೆ, ರುಚಿಗಳು ಅತಿಯಾಗಿ ತಟ್ಟುವುದು ಇನ್ನೊಂದು ಕಡೆ; ಈ ಎರಡೂ ಬಾಲ್ಯದಿಂದ ಇದ್ದು ಬದುಕಿಗೆ ತೊಡಕಾದಾಗ ವೈದ್ಯರು ಆಟಿಸಂ ಎನ್ನುತ್ತಾರೆ. ಬುದ್ಧಿವಂತಿಕೆಯ ಅಳತೆ ಅದರಲ್ಲಿ ಇಲ್ಲ, ಆದ್ದರಿಂದ ‘ಓದುವ ಹುಡುಗಿ’ ಎಂಬುದು ಹೌದು ಎನ್ನುವುದಕ್ಕೂ ಅಲ್ಲ ಎನ್ನುವುದಕ್ಕೂ ಆಧಾರವಾಗುವುದಿಲ್ಲ. ನೀವು ಬೆಳೆಸಿದ ರೀತಿಯಿಂದ ಇದು ಬಂದದ್ದಲ್ಲ. ತಾಯಂದಿರಲ್ಲಿ ಪ್ರೀತಿ ಸಾಲದೆ ಮಕ್ಕಳು ಹೀಗಾಗುತ್ತಾರೆಂದು ಕಳೆದ ಶತಮಾನದ ಮಧ್ಯಭಾಗದಲ್ಲಿ ಪಶ್ಚಿಮದ ಕೆಲವು ತಜ್ಞರು ಬೋಧಿಸಿ ಅಸಂಖ್ಯ ತಾಯಂದಿರನ್ನು ನೋಯಿಸಿದರು. ಆ ವಾದ ಸುಳ್ಳೆಂದು ಸಾಬೀತಾಗಿ ದಶಕಗಳೇ ಕಳೆದಿವೆ, ಅವಳಿಜವಳಿ ಮಕ್ಕಳ ಅಧ್ಯಯನಗಳು ಇದರಲ್ಲಿ ಅನುವಂಶೀಯತೆಯ ಪಾಲು ಬಹಳ ದೊಡ್ಡದೆಂದು ತೋರಿಸಿವೆ. ಲಸಿಕೆಯನ್ನು ದೂರಿದ 1998ರ ಲೇಖನವನ್ನೂ ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ.

ಹದಿನೈದು ವರ್ಷ ಯಾರಿಗೂ ಕಾಣದೆ ಇದ್ದದ್ದು ಹೇಗೆ ಎಂದು ನಿಮ್ಮವರು ಕೇಳಬಹುದು. ಲಿಯೊ ಕ್ಯಾನರ್ 1943ರಲ್ಲಿ ಮೊದಲು ವರ್ಣಿಸಿದ 11 ಮಕ್ಕಳಲ್ಲಿ 8 ಮಂದಿ ಗಂಡುಮಕ್ಕಳು; ಮರುವರ್ಷ ಹ್ಯಾನ್ಸ್ ಆಸ್ಪರ್ಗರ್ ವಿವರವಾಗಿ ಬರೆದ ನಾಲ್ವರೂ ಗಂಡುಮಕ್ಕಳು. ಅಲ್ಲಿಂದ ಬಹುಕಾಲ ವೈದ್ಯರ ಕಣ್ಣಿಗೆ ಅಭ್ಯಾಸವಾದದ್ದು ಹುಡುಗರಲ್ಲಿ ಕಾಣುವ ಲಕ್ಷಣಗಳೇ. ಚೆನ್ನಾಗಿ ಮಾತನಾಡುವ, ಅಂಕ ತೆಗೆಯುವ ಹೆಣ್ಣುಮಕ್ಕಳು ಬೇರೆಯವರು ಹೇಗೆ ನಗುತ್ತಾರೆ, ಹೇಗೆ ನಿಲ್ಲುತ್ತಾರೆ, ಯಾವಾಗ ತಲೆಯಾಡಿಸುತ್ತಾರೆ ಎಂದು ನೋಡಿ ನೋಡಿ ಕಲಿತು ಹಾಗೆಯೇ ಮಾಡುತ್ತಾರೆ. ಇದನ್ನು ಮಾಸ್ಕಿಂಗ್ ಎನ್ನುತ್ತಾರೆ. ಇಡೀ ದಿನ ಶಾಲೆಯಲ್ಲಿ ಹೀಗೆ ಮಾಡಿ ಮನೆಗೆ ಬಂದವಳು ದಣಿದು ಕುಸಿಯುತ್ತಾಳೆ. ನಿಮ್ಮ ಮಗಳು ಕತ್ತಲಲ್ಲಿ ಮಲಗುವ ಆ ಒಂದು ಗಂಟೆ ಸೋಮಾರಿತನವೂ ಅಲ್ಲ, ಹಟವೂ ಅಲ್ಲ ಎಂದು ನನಗನ್ನಿಸುತ್ತದೆ. ವೈದ್ಯರ ಪರೀಕ್ಷೆಯ ಫಲಿತಾಂಶ ಏನೇ ಬರಲಿ, ಆ ಗಂಟೆಯನ್ನು ಅವಳಿಗೆ ಬಿಟ್ಟುಕೊಡಿ.

ಅದೇ ಹೊತ್ತಿಗೆ, ಆಪ್ತಸಮಾಲೋಚಕಿಯವರು ಗಮನಿಸಿ ಹೇಳಿದ್ದಾರೆಯೇ ಹೊರತು ರೋಗನಿರ್ಣಯ ಮಾಡಿಲ್ಲ. ತೀವ್ರ ಆತಂಕ, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಚಟುವಟಿಕೆಯ ಸಮಸ್ಯೆ), ಗೀಳು ಕಾಯಿಲೆ, ಖಿನ್ನತೆ, ಶಾಲೆಯಲ್ಲಿ ಯಾರಾದರೂ ಸತತವಾಗಿ ಪೀಡಿಸುತ್ತಿರುವುದು, ಇವುಗಳಲ್ಲಿ ಯಾವುದರಿಂದಲೂ ಇಂಥ ಕೆಲವು ಲಕ್ಷಣಗಳು ಬರಬಹುದು, ಆಟಿಸಂ ಜೊತೆಗೆ ಇವೂ ಇರಬಹುದು. ಹಾಗಾಗಿ ಮಗಳಿಗೆ ಹೇಳುವಾಗ ‘ಇರಬಹುದು’ ಎಂಬ ಮಾತನ್ನು ಪೂರ್ಣ ಪ್ರಾಮಾಣಿಕತೆಯಿಂದ ಬಳಸಿ. ‘ನನಗೂ ಖಚಿತವಾಗಿ ಗೊತ್ತಿಲ್ಲ, ಇಬ್ಬರೂ ಸೇರಿ ತಿಳಿದುಕೊಳ್ಳೋಣ’ ಎನ್ನುವುದರಲ್ಲಿ ತಾಯಿಯ ಗೌರವಕ್ಕೆ ಏನೂ ಕುಂದಿಲ್ಲ.

ಈಗ ಹೇಳುವ ಬಗೆ. ಜಗಳವಾದ ದಿನ ಬೇಡ, ಪರೀಕ್ಷೆಯ ಹಿಂದಿನ ದಿನ ಬೇಡ, ಅತ್ತೆಯವರೋ ನೆಂಟರೋ ಎದುರಿಗೆ ಇರುವಾಗ ಬೇಡ. ‘ಬಾ, ಕೂತ್ಕೋ, ನಿನ್ನ ಹತ್ತಿರ ಒಂದು ವಿಷಯ ಮಾತಾಡಬೇಕು’ ಎಂದು ಎದುರು ಕೂರಿಸಿ ಮುಖ ನೋಡುತ್ತಾ ಆರಂಭಿಸಿದರೆ ಅವಳ ಎದೆ ಹೊಡೆದುಕೊಳ್ಳತೊಡಗುತ್ತದೆ, ನಿಮ್ಮ ಮಾತು ಕಿವಿಗೆ ಬೀಳುವುದಿಲ್ಲ. ಕೈಗೆ ಒಂದು ಕೆಲಸವಿದ್ದು ಕಣ್ಣು ಬೇರೆ ಕಡೆ ಇರುವಂಥ ಹೊತ್ತು ಒಳ್ಳೆಯದು: ಇಬ್ಬರೂ ಅವರೆಕಾಯಿ ಸುಲಿಯುತ್ತಿರುವಾಗ, ಬಟ್ಟೆ ಮಡಿಸುವಾಗ, ಸಂಜೆ ನಡೆದಾಡುವಾಗ. ಕಣ್ಣಿನಲ್ಲಿ ಕಣ್ಣಿಟ್ಟು ಕೇಳದಿದ್ದರೆ ಅವಳು ಕೇಳುತ್ತಿಲ್ಲ ಎಂದು ಅರ್ಥವಲ್ಲ. ಆಟಿಸಂ ಎಂಬ ಹೆಸರಿನಿಂದ ಶುರು ಮಾಡಬೇಡಿ. ಅವಳಿಗೆ ಆಗಲೇ ಗೊತ್ತಿರುವ, ಅವಳೇ ಅನುಭವಿಸಿದ ಒಂದು ಸಂಗತಿಯಿಂದ ಶುರು ಮಾಡಿ. ಹೀಗೆ ಹೇಳಬಹುದು:

‘ಮೊನ್ನೆ ಮದುವೆಗೆ ಹೋದಾಗ ವಾಲಗದ ಸದ್ದಿಗೆ ನಿನಗೆ ತುಂಬಾ ಕಷ್ಟ ಆಯ್ತಲ್ಲ, ಅದು ನೀನು ಬೇಕೂಂತ ಮಾಡೋದಲ್ಲ ಅಂತ ನನಗೀಗ ಅರ್ಥವಾಗ್ತಿದೆ. ಕೆಲವರ ಮಿದುಳು ಸದ್ದನ್ನ ಬೇರೆಯವರಿಗಿಂತ ಜಾಸ್ತಿ ತಗೊಳ್ಳುತ್ತಂತೆ. ಅಂಥವರಲ್ಲಿ ಕೆಲವರಿಗೆ ಗುಂಪಿನಲ್ಲಿ ಮಾತಾಡೋದು ಸುಸ್ತು ತರುತ್ತೆ, ಇಷ್ಟವಾದ ವಿಷಯ ಸಿಕ್ಕರೆ ಅದರ ಆಳಕ್ಕೆ ಹೋಗ್ತಾರೆ. ಇದಕ್ಕೆ ಆಟಿಸಂ ಅಂತ ಹೆಸರು. ನಿನಗೂ ಹಾಗೆ ಇರಬಹುದಾ ಅಂತ ನಿಮ್ಮ ಶಾಲೆಯ ಮೇಡಂ ನನ್ನ ಹತ್ತಿರ ಕೇಳಿದ್ರು. ನನಗೆ ಗೊತ್ತಿಲ್ಲ. ನಿನಗೆ ಏನನ್ನಿಸುತ್ತೆ?’

ಇಷ್ಟು ಹೇಳಿ ಸುಮ್ಮನಾಗಿ. ಈ ಸುಮ್ಮನಿರುವುದೇ ಬಹಳ ತಂದೆತಾಯಂದಿರಿಗೆ ಸಾಧ್ಯವಾಗುವುದಿಲ್ಲ. ಮಗು ಅರ್ಧ ನಿಮಿಷ ಮಾತನಾಡದಿದ್ದರೆ ಗಾಬರಿಯಿಂದ ‘ಏನೂ ಇಲ್ಲ ಬಿಡು, ಹೆದರಬೇಡ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಇರುತ್ತೆ’ ಎಂದು ತಾವೇ ಮುಗಿಸಿಬಿಡುತ್ತಾರೆ. ಎಲ್ಲರಿಗೂ ಇರುತ್ತದೆ ಎಂದರೆ, ಇಷ್ಟು ದಿನ ಅವಳು ಪಟ್ಟ ಪಾಡು ಪಾಡೇ ಅಲ್ಲವೆಂದು ಹೇಳಿದಂತೆ ಅವಳಿಗೆ ಕೇಳಿಸುತ್ತದೆ. ಇದು ದೇವರು ಕೊಟ್ಟ ವಿಶೇಷ ಶಕ್ತಿ ಎಂದು ಹೊಗಳುವುದೂ ಬೇಡ. ನಾಳೆ ಶಾಲೆಯ ಗದ್ದಲದಲ್ಲಿ ಅಳು ಬಂದಾಗ ಆ ಹೊಗಳಿಕೆ ಅವಳಿಗೆ ಸುಳ್ಳಾಗಿ ಕಾಣುತ್ತದೆ. ಅವಳು ಸಿಟ್ಟಾಗಬಹುದು, ‘ಹಾಗಾದರೆ ನಾನು ಹುಚ್ಚಿಯಾ?’ ಎಂದು ಕೇಳಬಹುದು, ಎದ್ದು ಹೋಗಿ ಎರಡು ದಿನ ಆ ವಿಷಯ ಎತ್ತದಿರಬಹುದು, ಅಥವಾ ತನಗೆ ಮೊದಲೇ ಅನುಮಾನವಿತ್ತು ಎಂದು ಹೇಳಿ ನಿಮ್ಮನ್ನೇ ಬೆರಗುಗೊಳಿಸಬಹುದು. ‘ಹುಚ್ಚಿಯಾ’ ಎಂದರೆ ‘ಅಲ್ಲ’ ಎಂದು ನೇರವಾಗಿ, ಒಂದೇ ಪದದಲ್ಲಿ ಹೇಳಿ, ಆಮೇಲೆ ವಿವರಿಸಿ. ಸುತ್ತಿ ಬಳಸಿ ಹೇಳುವ ಮಾತು ಅವಳಿಗೆ ಅರ್ಥವಾಗುವುದು ಕಷ್ಟ. ಎದುರು ಮಾತನಾಡುವುದು ಇಬ್ಬರಿಗೂ ಕಷ್ಟವೆನಿಸಿದರೆ ಕಾಗದ ಬರೆದುಕೊಡಿ. ಓದುವುದೇ ಪ್ರಿಯವಾದ ಮಗಳಿಗೆ ಅದು ಮಾತಿಗಿಂತ ಹಿತವಾಗಬಹುದು, ಬೇಕೆಂದಾಗ ಮತ್ತೆ ಓದಬಹುದು, ಉತ್ತರ ಯೋಚಿಸಲು ಸಮಯವೂ ಸಿಗುತ್ತದೆ. ಒಂದೇ ಸಲಕ್ಕೆ ಎಲ್ಲವನ್ನೂ ಮುಗಿಸಬೇಕಾಗಿಲ್ಲ; ಇದು ತಿಂಗಳುಗಟ್ಟಲೆ ತುಣುಕು ತುಣುಕಾಗಿ ನಡೆಯುವ ಮಾತುಕತೆ. ಅವಳು ಅಂತರ್ಜಾಲದಲ್ಲಿ ಹುಡುಕುವುದಂತೂ ಖಂಡಿತ, ಅದನ್ನು ತಡೆಯಲು ಹೋಗದೆ ‘ಏನು ಸಿಕ್ಕಿತು, ನನಗೂ ತೋರಿಸು’ ಎಂದು ಜೊತೆಗೆ ಕುಳಿತುಕೊಳ್ಳಿ.

ನಿಮ್ಮ ಯಜಮಾನರ ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ‘ನಾನೂ ಹೀಗೇ ಇದ್ದೆ’ ಎಂಬುದನ್ನು ನೀವು ಅಡ್ಡಿಯೆಂದು ತಿಳಿದಿದ್ದೀರಿ. ಅನುವಂಶೀಯತೆಯ ಪಾಲು ದೊಡ್ಡದಿರುವಲ್ಲಿ ಮಕ್ಕಳ ಆಟಿಸಂ ಪರೀಕ್ಷೆಯ ಸಮಯದಲ್ಲಿ ತಂದೆಯೋ ತಾಯಿಯೋ ತಮ್ಮ ಬಾಲ್ಯವನ್ನೇ ಎದುರಿಗೆ ಕಾಣುವುದು ಅಪರೂಪವಲ್ಲ. ಮಗಳಿಗೆ ಏನೋ ಇದೆ ಎಂದು ಒಪ್ಪಿದರೆ ತನ್ನ ಬಗ್ಗೆಯೂ ಒಪ್ಪಬೇಕಾಗುತ್ತದೆಂಬ ಅಳುಕು ಆ ನಿರಾಕರಣೆಯ ಹಿಂದೆ ಇರಬಹುದು. ಅವರೊಂದಿಗೆ ವಾದ ಮಾಡಬೇಡಿ. ಆ ವಯಸ್ಸಿನಲ್ಲಿ ಶಾಲೆ ಹೇಗಿತ್ತು, ಯಾರ ಜೊತೆ ಊಟ ಮಾಡುತ್ತಿದ್ದಿರಿ, ಯಾವುದು ಕಷ್ಟವಾಗುತ್ತಿತ್ತು ಎಂದು ಕೇಳಿ. ಅವರು ಅದನ್ನು ಮಗಳಿಗೆ ಹೇಳಲು ಒಪ್ಪಿದರೆ, ನಾನೂ ನೀವೂ ಹೇಳುವ ಎಲ್ಲ ಮಾತುಗಳಿಗಿಂತ ಅದು ಅವಳಿಗೆ ಹೆಚ್ಚು ಆಸರೆಯಾಗುತ್ತದೆ.

ಅತ್ತೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ, ನಮ್ಮ ಸಮಾಜ ಹೇಗಿದೆಯೆಂದು ಅವರಿಗೆ ಗೊತ್ತು. ಆದರೆ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಮಗಳೊಂದಿಗೆ ಕುಳಿತು ತೀರ್ಮಾನಿಸಬೇಕಾದ ವಿಷಯ. ಅವಳನ್ನು ಕೇಳದೆ ಶಿಕ್ಷಕರಿಗಾಗಲಿ, ನಿಮ್ಮ ಅಕ್ಕತಂಗಿಯರಿಗಾಗಲಿ ಹೇಳಬೇಡಿ. ವೈದ್ಯರು ಊರಿಗೆ ಸಾರುವುದಿಲ್ಲ, ಗೋಪ್ಯತೆ ಅವರ ಕರ್ತವ್ಯ.

ತೋರಿಸುವುದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಆಟಿಸಂ ಪರೀಕ್ಷೆಗೆ ವ್ಯವಸ್ಥೆಯಿದೆ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮನೋವೈದ್ಯರನ್ನು ಮೊದಲು ಕಂಡು ಮುಂದಿನ ದಾರಿ ಕೇಳಬಹುದು. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿಂಗ್‌ನಿಂದಾಗಲಿ ಆಟಿಸಂ ತಿಳಿಯುವುದಿಲ್ಲ. ತಜ್ಞರು ನೆಚ್ಚಿಕೊಳ್ಳುವುದು ನಿಮ್ಮ ನೆನಪನ್ನು, ಅವಳ ಮಾತನ್ನು ಮತ್ತು ತಮ್ಮ ಅವಲೋಕನವನ್ನು. ಆದ್ದರಿಂದ ಅವಳಿಗೆ ಎರಡು ಮೂರು ವರ್ಷವಾಗಿದ್ದಾಗಿನ ವಿಡಿಯೊ, ಹಳೆಯ ಅಂಕಪಟ್ಟಿಗಳಲ್ಲಿ ಶಿಕ್ಷಕರು ಬರೆದ ಷರಾ, ನೀವು ಗಮನಿಸಿದ ಸಂಗತಿಗಳನ್ನು ಬರೆದಿಟ್ಟ ಒಂದು ಪುಸ್ತಕ ಜೊತೆಯಲ್ಲಿರಲಿ. ಅವಳು ಬೇರೆಯಾಗಿ ತನ್ನ ಪಟ್ಟಿ ಬರೆದುಕೊಳ್ಳಲಿ, ಅದನ್ನು ನೀವು ತಿದ್ದಬೇಡಿ. ಐದು ನಿಮಿಷ ಮಾತನಾಡಿಸಿ ‘ಇಷ್ಟು ಚೆನ್ನಾಗಿ ಉತ್ತರ ಹೇಳುತ್ತಾಳೆ, ಆಟಿಸಂ ಇರಲಾರದು’ ಎಂದು ಕಳುಹಿಸುವವರೂ ಇದ್ದಾರೆ, ಅಂಥ ಸಂದರ್ಭದಲ್ಲಿ ಹದಿಹರೆಯದವರನ್ನು ನೋಡಿ ಅನುಭವವಿರುವ ಇನ್ನೊಬ್ಬರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು.

ರೋಗನಿರ್ಣಯ ಬೇರೆ, ಅಂಗವಿಕಲತೆಯ ಪ್ರಮಾಣಪತ್ರ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಹೆಸರಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ಪ್ರಮಾಣಪತ್ರಕ್ಕಾಗಿ ನಮ್ಮ ದೇಶದಲ್ಲಿಯೇ ಸಿದ್ಧಪಡಿಸಿದ, 40 ಅಂಶಗಳ ‘ಇಸಾ’ ಎಂಬ ಅಳತೆಯನ್ನು ಬಳಸುತ್ತಾರೆ, ಮೀಸಲಾತಿಯಂಥ ಸೌಲಭ್ಯಗಳಿಗೆ ವೈಕಲ್ಯ ಶೇ 40ಕ್ಕಿಂತ ಕಡಿಮೆ ಇರಬಾರದು. ಬೇಡವೆನಿಸಿದರೆ ಪ್ರಮಾಣಪತ್ರ ಪಡೆಯಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಬೇಕಾದರೆ ಮಾತ್ರ ದಾಖಲೆಗಳೊಂದಿಗೆ ಶಾಲೆಯ ಮೂಲಕ ಮುಂಚಿತವಾಗಿಯೇ ಅರ್ಜಿ ಹೋಗಬೇಕು, ಮುಖ್ಯೋಪಾಧ್ಯಾಯರನ್ನು ಈಗಲೇ ವಿಚಾರಿಸಿ.

ಎರಡು ಎಚ್ಚರಿಕೆಗಳು. ಆಟಿಸಂ ಅನ್ನು ‘ಗುಣಪಡಿಸುವ’ ಔಷಧವಿಲ್ಲ. ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರು ಸಿಕ್ಕರೆ, ಆಟಿಸಂಗೆ ಅದನ್ನು ಬಳಸಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆಯೆಂದು ನೆನಪಿಡಿ. ಎರಡನೆಯದು ಇದಕ್ಕಿಂತ ಗಂಭೀರ: ತಮ್ಮನ್ನು ಸದಾ ಮುಚ್ಚಿಕೊಂಡು ಬದುಕುವ ಆಟಿಸಂ ಇರುವ ಹದಿಹರೆಯದವರಲ್ಲಿ ಖಿನ್ನತೆ, ಸಾಯುವ ಯೋಚನೆಗಳು ಉಳಿದವರಿಗಿಂತ ಹೆಚ್ಚು. ನಿದ್ರೆ, ಊಟ ಕೆಟ್ಟರೆ, ಗುಡಿಗಳ ಮಾತೂ ನಿಂತುಹೋದರೆ, ಬದುಕು ಬೇಡವೆಂಬ ಮಾತು ಒಮ್ಮೆ ಬಂದರೂ ಸರಿ, ಅಂದುಕೊಂಡ ಭೇಟಿಯ ದಿನಕ್ಕೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು.

ಪ್ರಶ್ನೆ: ನನಗೆ 17 ವರ್ಷ, ದ್ವಿತೀಯ ಪಿಯುಸಿ. ಆಟಿಸಂ ಬಗ್ಗೆ ವಿಡಿಯೊಗಳನ್ನು ನೋಡಿದಾಗ ಎಲ್ಲವೂ ನನ್ನ ಬಗ್ಗೆಯೇ ಹೇಳಿದಂತೆ ಅನಿಸಿತು. ಆನ್‌ಲೈನ್‌ನಲ್ಲಿ 50 ಪ್ರಶ್ನೆಗಳ ಪರೀಕ್ಷೆಯಲ್ಲಿ 36 ಅಂಕ ಬಂದಿದೆ. ಅಪ್ಪನಿಗೆ ಹೇಳಿದರೆ ಮೊಬೈಲ್ ನೋಡಿ ನೋಡಿ ತಲೆ ಕೆಟ್ಟಿದೆ ಎನ್ನುತ್ತಾರೆ. ಏನು ಮಾಡಲಿ?
– ಹುಬ್ಬಳ್ಳಿ

ಉತ್ತರ: ನೀವು ಮಾಡಿರುವುದು 2001ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಪ್ರಕಟಿಸಿದ ಪ್ರಶ್ನಾವಳಿ ಎಂದು ತೋರುತ್ತದೆ. ಅದರಲ್ಲಿ 32 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾದ ಪರೀಕ್ಷೆ ಯೋಗ್ಯವೆಂದು ಅರ್ಥವೇ ಹೊರತು ಆಟಿಸಂ ಇದೆಯೆಂದು ಅರ್ಥವಲ್ಲ. ಆತಂಕ ಹೆಚ್ಚಿರುವವರಿಗೂ ಹೆಚ್ಚು ಅಂಕ ಬರಬಹುದು. ನಿಮ್ಮ ಅನುಮಾನ ಕ್ಷುಲ್ಲಕವಲ್ಲ, ಆದರೆ ತಂದೆಯವರ ಮುಂದೆ ಆ ಅಂಕವನ್ನಾಗಲಿ ವಿಡಿಯೊವನ್ನಾಗಲಿ ಇಡಬೇಡಿ. ಬಾಲ್ಯದಿಂದ ಇಂದಿನವರೆಗೆ ನಿಮಗೆ ನಿಜವಾಗಿ ಕಷ್ಟವಾದ ಸಂಗತಿಗಳನ್ನು, ಯಾವ ತರಗತಿಯಲ್ಲಿ ಏನಾಯಿತು ಎಂಬ ವಿವರದೊಂದಿಗೆ ಒಂದು ಹಾಳೆಯಲ್ಲಿ ಬರೆಯಿರಿ. ಮನೆಯಲ್ಲಿ ನಿಮ್ಮ ಮಾತು ಕೇಳುವ, ಅಪ್ಪನೂ ಮರ್ಯಾದೆ ಕೊಡುವ ಒಬ್ಬರು ಇರುತ್ತಾರೆ, ಅವ್ವ, ಅಕ್ಕ, ಕಾಕಾ, ಸೋದರಮಾವ ಯಾರಾದರೂ ಸರಿ. ಆ ಹಾಳೆಯನ್ನು ಮೊದಲು ಅವರಿಗೆ ತೋರಿಸಿ. ‘ನನಗೆ ಆಟಿಸಂ ಇದೆ’ ಎಂಬುದರ ಬದಲು ‘ಈ ಕಷ್ಟಗಳು ಯಾಕೆ ಆಗುತ್ತಿವೆಯೆಂದು ಒಮ್ಮೆ ತಜ್ಞರ ಹತ್ತಿರ ಕೇಳಬೇಕು’ ಎಂದರೆ ಅಪ್ಪನಿಗೆ ಒಪ್ಪುವುದು ಸುಲಭವಾಗುತ್ತದೆ. ಹದಿನೆಂಟು ತುಂಬಿದ ಮೇಲೆ ಒಬ್ಬನೇ ಹೋದರಾಯಿತು ಎಂದು ಕಾಯಬೇಡಿ, ಏಕೆಂದರೆ ನಿಮ್ಮ ಮೊದಲ ಮೂರು ನಾಲ್ಕು ವರ್ಷಗಳ ವಿವರ ಹೇಳಲು ಆಗಲೂ ಮನೆಯ ಹಿರಿಯರೇ ಬೇಕಾಗುತ್ತಾರೆ. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಅಲ್ಲಿ ಆಟಿಸಂ ಅಲ್ಲ ಎಂದು ಹೇಳಿದರೂ ನಿಮ್ಮ ಹಾಳೆಯಲ್ಲಿರುವ ಕಷ್ಟಗಳು ಹಾಗೆಯೇ ಇರುತ್ತವೆ. ಅವು ಯಾವುದರಿಂದ ಬಂದಿವೆ, ಅವುಗಳಿಗೆ ಏನು ಮಾಡಬಹುದು ಎಂದು ಒಂದೊಂದಾಗಿ ಕೇಳಿ, ಉತ್ತರ ಬರೆದುಕೊಂಡೇ ಎದ್ದು ಬನ್ನಿ.